ಫೋರ್‌ವೀಲ್ ಹಾಕುವ ಮೊದಲು

ಮಕ್ಕಳೇ, ಫೋರ್‌ವೀಲ್ ಡ್ರೈವ್ ಗಾಡಿ ಇಟ್ಟುಕೊಳ್ಳುವುದು ಪರಿಸರದ ದೃಷ್ಟಿಯಿಂದ ಸರಿಯೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೇಳದೆ ಕೊಳ್ಳುವವರೇ ಹೆಚ್ಚಿರುವಾಗ, ಕೇಳಿದವರ ಮೇಲೆ ನನಗೆ ವಿಶೇಷವಾದ ಪ್ರೀತಿ. ಸರಿ ಅಥವಾ ತಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸಲು ನನ್ನಿಂದಾಗದು. ಕೊಪ್ಪದ ಕಡೆಯ ಮಳೆಯಲ್ಲಿ ಹುಟ್ಟಿ, ಜೀಪಿನ ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಬೆಳೆದ ನನಗೆ ಆ ಗಾಡಿಯನ್ನು ಬೈಯಲು ನಾಲಗೆ ಏಳುವುದಿಲ್ಲ. ಈಗ ಶನಿವಾರ ಭಾನುವಾರ ನಮ್ಮ ಗುಡ್ಡಗಳಿಗೆ ಏರಿ ಬರುವ ಗಾಡಿಗಳ ಸಾಲು ನೋಡಿಕೊಂಡು ಸುಮ್ಮನಿರಲೂ ಆಗುವುದಿಲ್ಲ. ಎರಡನ್ನೂ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪು ಯುದ್ಧ ಮುಗಿದ ಮೇಲೆ ನಮ್ಮ ಕಡೆಗೂ ಬಂತು. ಸ್ವಾತಂತ್ರ್ಯ ಸಿಕ್ಕ ಆಸುಪಾಸಿನಲ್ಲಿ ಮಹೀಂದ್ರದವರು ಅದನ್ನು ಇಲ್ಲೇ ಜೋಡಿಸಲು ಶುರು ಮಾಡಿದರು. ಮೊದಮೊದಲು ಅದು ಕಾಫಿ ತೋಟದ ಸಾಹುಕಾರರ ಮನೆಯಲ್ಲಿತ್ತು, ಸರ್ಕಾರಿ ಅಧಿಕಾರಿಗಳ ಹತ್ತಿರವಿತ್ತು. ಆಮೇಲಾಮೇಲೆ ಊರಿನ ಬಾಡಿಗೆ ಜೀಪಾಗಿ ಎಲ್ಲರಿಗೂ ಒದಗಿತು. ಆಗುಂಬೆಯಂಥ ಜಾಗದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್ ತಿಂಗಳು ಹಿಡಿಯಿತೆಂದರೆ ಬಸ್ಸು ಮುಖ್ಯರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಕೆಂಪು ಕೆಸರಿನ ದಾರಿ. ಹಳ್ಳ ಉಕ್ಕಿದರೆ ಅದೂ ಇಲ್ಲ. ಮೂರು ನಾಲ್ಕು ಹಳ್ಳಿಗೆ ಸೇರಿ ಒಂದೇ ಜೀಪು. ಹೆರಿಗೆ ನೋವು ಬಂದವಳನ್ನು ಅದರಲ್ಲೇ ಕರೆದೊಯ್ಯಬೇಕು, ಹಾವು ಕಚ್ಚಿದವನನ್ನೂ ಅದರಲ್ಲೇ. ಅಡಿಕೆ ಮೂಟೆ, ಅಕ್ಕಿ ಮೂಟೆ, ಮದುವೆಯ ದಿಬ್ಬಣ, ಪರೀಕ್ಷೆ ಬರೆಯಲು ಹೊರಟ ಮಕ್ಕಳು, ಎಲ್ಲಕ್ಕೂ ಅದೊಂದೇ. ಜೀಪು ಬರಲಾಗದ ಕಡೆ ರೋಗಿಯನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ, ಕಾಲುಸಂಕ ದಾಟಿಸಿ, ಜೀಪು ನಿಂತ ಜಾಗಕ್ಕೆ ಹೊತ್ತು ತರುತ್ತಿದ್ದರು.

ಆ ಜೀಪುಗಳ ಡ್ರೈವರುಗಳು ಗಾಡಿ ಓಡಿಸುತ್ತಿದ್ದ ರೀತಿಯನ್ನೂ ನೀವು ತಿಳಿಯಬೇಕು. ಫೋರ್‌ವೀಲ್ ಹಾಕುವುದು ಅವರಿಗೆ ಕೊನೆಯ ಉಪಾಯ. ಎಷ್ಟೋ ಜೀಪುಗಳಿಗೆ ಆ ಸೌಲಭ್ಯವೇ ಇರಲಿಲ್ಲ. ಹಿಂದಿನ ಎರಡು ಚಕ್ರಗಳಷ್ಟೇ ಎಳೆಯುತ್ತಿದ್ದವು. ಕೆಸರು ಜಾಸ್ತಿಯಾದರೆ ಟೈರಿಗೆ ಚೈನು ಕಟ್ಟುತ್ತಿದ್ದರು. ಏರು ಹತ್ತುವ ಮೊದಲು ಕೆಳಗಿಳಿದು ದಾರಿ ನೋಡಿ ಬರುತ್ತಿದ್ದರು, ಗುಂಡಿಗೆ ಕಲ್ಲು ಹಾಕುತ್ತಿದ್ದರು, ಅರ್ಧ ಜನರನ್ನು ಇಳಿಸಿ ನಡೆಸುತ್ತಿದ್ದರು. ದಾರಿಯನ್ನು ಕಿತ್ತು ಹಾಳುಮಾಡಿದರೆ ನಾಳೆ ಅದೇ ದಾರಿಯಲ್ಲಿ ತಾವೇ ಬರಬೇಕೆಂಬ ಎಚ್ಚರ ಅವರಲ್ಲಿತ್ತು. ಕಾರು ಜೀಪು ಓಡಿಸಲು ಕಲಿಯುವ ಪ್ರತಿಯೊಬ್ಬರೂ ಮೊದಲು ಇದನ್ನು ಕಲಿಯಲಿ ಎಂಬುದು ನನ್ನ ಆಸೆ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪೆಟ್ರೋಲಾದರೆ ಸುಮಾರು 2.3 ಕೆ.ಜಿ. ಲೀಟರಿಗೆ 10 ಕಿಲೋಮೀಟರ್ ಕೊಡುವ ಜೀಪಿನಲ್ಲಿ ಹನ್ನೆರಡು ಜನ ಕೂತರೆ, 100 ಕಿಲೋಮೀಟರಿಗೆ ಒಬ್ಬೊಬ್ಬರ ಪಾಲಿಗೆ ಬರುವುದು ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಅಷ್ಟು ದೂರ ಹೋದರೆ ಐದು ಕೆ.ಜಿ. ಆಗುತ್ತದೆ. ಹೊಗೆ ಉಗುಳುತ್ತಾ ಹೋಗುತ್ತಿದ್ದ ಆ ಹಳೇ ಜೀಪು, ತಲೆಲೆಕ್ಕದಲ್ಲಿ ಸ್ಕೂಟರಿನ ಅರ್ಧದಷ್ಟೂ ಇಂಗಾಲ ಬಿಡುತ್ತಿರಲಿಲ್ಲ. ಅದರ ಹೊಗೆಯಲ್ಲಿ ಮಸಿ ಹೆಚ್ಚಿತ್ತು, ಅದು ಎದೆಗೆ ಕೆಟ್ಟದ್ದು, ಅದನ್ನು ನಾನು ಮರೆಮಾಚುವುದಿಲ್ಲ. ಆದರೂ ಹೇಳಬೇಕಾದ ಮಾತು ಇದು: ಗಾಡಿಯ ನ್ಯಾಯ ಅನ್ಯಾಯ ಅದರ ಎಂಜಿನ್ನಿನಲ್ಲಿ ಮಾತ್ರ ಇಲ್ಲ. ಅದರಲ್ಲಿ ಎಷ್ಟು ಜನ ಕೂತಿದ್ದಾರೆ, ಯಾವ ದಾರಿಯಲ್ಲಿ, ಯಾವ ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬುದರಲ್ಲಿ ಇದೆ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಬೆಂಗಳೂರಿನಲ್ಲಿ ಕೆಲಸ, ವಾರದ ಐದು ದಿನ ಮನೆಯಿಂದ ಆಫೀಸು, ಆಫೀಸಿನಿಂದ ಮನೆ. ಗಾಡಿಯಲ್ಲಿ ಒಬ್ಬರೇ. ವರ್ಷಕ್ಕೆ 10,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 10 ಕಿಲೋಮೀಟರ್ ಕೊಡುವ ಡೀಸೆಲ್ ಫೋರ್‌ವೀಲ್ ಗಾಡಿಯಾದರೆ 1,000 ಲೀಟರ್, ಎಂದರೆ 2,600 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ 18 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರಾದರೆ 1,300 ಕೆ.ಜಿ.ಗಿಂತ ಕಡಿಮೆ. ಹತ್ತು ವರ್ಷ ಇಟ್ಟುಕೊಂಡರೆ ಎರಡರ ನಡುವಿನ ವ್ಯತ್ಯಾಸ ಹದಿಮೂರು ಟನ್. ಒಬ್ಬ ಮನುಷ್ಯನನ್ನು ಅದೇ ಟಾರು ರಸ್ತೆಯಲ್ಲಿ, ಅದೇ ಸಿಗ್ನಲ್ಲಿನಲ್ಲಿ ನಿಲ್ಲಿಸಿಕೊಂಡು, ಅದೇ ಆಫೀಸಿಗೆ ಮುಟ್ಟಿಸಲು ಇಷ್ಟು ಹೆಚ್ಚು ಸುಡಬೇಕೇ? ಮದುವೆ ಮನೆಯ ಹಂಡೆಯಲ್ಲಿ ದಿನವೂ ಒಬ್ಬರ ಅನ್ನ ಬೇಯಿಸಿದಂತೆ ಇದು.

ಗಾಡಿಯ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದರೆ ಈ ಖರ್ಚಿನ ಕಾರಣವೂ ತಿಳಿಯುತ್ತದೆ. ಮುಂದಿನ ಚಕ್ರಗಳನ್ನೂ ಎಳೆಯುವಂತೆ ಮಾಡಲು ಒಂದು ಟ್ರಾನ್ಸ್‌ಫರ್ ಕೇಸ್ ಬೇಕು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್ ಬೇಕು, ಇನ್ನೊಂದು ಡಿಫರೆನ್ಷಿಯಲ್ ಬೇಕು. ಇವನ್ನೆಲ್ಲ ಹೊರಲು ಗಟ್ಟಿ ಚಾಸಿ. ಮೇಲೆ ಪೆಟ್ಟಿಗೆಯಂಥ ಚೌಕಾಕಾರದ ಮೈ; ಹೆದ್ದಾರಿಯಲ್ಲಿ ವೇಗ ಹೆಚ್ಚಿದಷ್ಟೂ ಅದು ಗಾಳಿಗೆ ಎದೆಕೊಟ್ಟು ನೂಕಬೇಕು. ಅಗಲವಾದ, ಒರಟು ಹಲ್ಲಿನ ಟೈರು ಟಾರಿನ ಮೇಲೆ ಉರುಳಲು ಹೆಚ್ಚು ಶಕ್ತಿ ಕೇಳುತ್ತದೆ. ಕೊಂಡ ಮರುದಿನವೇ ನಿಮ್ಮಲ್ಲಿ ಹಲವರು ಇನ್ನೂ ದೊಡ್ಡ ಮಡ್ ಟೈರು, ಕಬ್ಬಿಣದ ಬಂಪರು, ತಲೆಯ ಮೇಲೊಂದು ಕ್ಯಾರಿಯರ್ ಹಾಕಿಸುತ್ತೀರಿ. ಪ್ರತಿಯೊಂದಕ್ಕೂ ಡೀಸೆಲ್ಲಿನಲ್ಲಿ ಕಂದಾಯ ಕಟ್ಟಬೇಕು, ಗಾಡಿ ಇರುವಷ್ಟು ದಿನವೂ.

ಘಾಟಿ ರಸ್ತೆಯಲ್ಲಿ ಸುರಕ್ಷಿತವಾಗಿರಲಿ ಎಂದು ಫೋರ್‌ವೀಲ್ ತೆಗೆದುಕೊಂಡೆ ಎನ್ನುವವರು ಸಿಗುತ್ತಾರೆ. ಅಪ್ಪ ಅಮ್ಮನಿಗೂ ಹಾಗೇ ಹೇಳಿ ಒಪ್ಪಿಸಿರುತ್ತಾರೆ. ದಯವಿಟ್ಟು ಇದನ್ನು ಗಮನಿಸಿ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಫೋರ್‌ವೀಲ್ ನಿಮ್ಮನ್ನು ಕೆಸರಿನಿಂದ ಹೊರಗೆ ಎಳೆಯಬಲ್ಲದೇ ಹೊರತು, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒದ್ದೆ ಟಾರಿನ ಮೇಲೆ ಬೇಗ ನಿಲ್ಲಿಸಲಾರದು. ಎತ್ತರದ ಗಾಡಿ ತಿರುವಿನಲ್ಲಿ ವಾಲುವುದೂ ಹೆಚ್ಚು. ಅಷ್ಟೇ ಅಲ್ಲ, ಗೇರು ಹಾಕಿ ಫೋರ್‌ವೀಲ್‌ಗೆ ಬದಲಾಯಿಸುವ ಜೀಪು ಮಾದರಿಯ ಗಾಡಿಗಳಲ್ಲಿ, ಒಣ ಟಾರಿನ ಮೇಲೆ ಅದನ್ನು ಬಳಸಬೇಡಿ ಎಂದು ಗಾಡಿಯ ಜತೆ ಕೊಡುವ ಪುಸ್ತಕದಲ್ಲೇ ಬರೆದಿರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಟ್ಟಿಗೆ ಬಿಗಿದರೆ ಶಾಫ್ಟು, ಗೇರು ತಿರುಚಿಕೊಳ್ಳುತ್ತವೆ. ಹಾಗಾದರೆ ಬೆಂಗಳೂರಿನಲ್ಲಿ ವರ್ಷವಿಡೀ ಆ ಯಂತ್ರ ಮಾಡುವ ಕೆಲಸವೇನು? ನೀವು ಅದನ್ನು ಹೊತ್ತುಕೊಂಡು ತಿರುಗುತ್ತೀರಿ, ಅಷ್ಟೇ.

ಕಂಪನಿಗಳಿಗೂ ಇದು ಗೊತ್ತು. 2020ರಲ್ಲಿ ಮಹೀಂದ್ರದವರ ಹೊಸ ಥಾರ್ ಜೀಪು ಬಂತು, ಹುಡುಗರು ಮುಗಿಬಿದ್ದರು. 2023ರ ಜನವರಿಯಲ್ಲಿ ಅದೇ ಗಾಡಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವಂತೆ, ಕಡಿಮೆ ಬೆಲೆಗೆ ಬಂತು. ಅದಕ್ಕೂ ಜನ ಸಾಲುಗಟ್ಟಿದರು. ಅಂದರೆ ಬಹಳ ಜನರಿಗೆ ಬೇಕಾಗಿದ್ದದ್ದು ಫೋರ್‌ವೀಲ್ ಅಲ್ಲ, ಆ ರೂಪ, ಆ ಎತ್ತರ, ರಸ್ತೆಯಲ್ಲಿ ಉಳಿದವರು ದಾರಿ ಬಿಡುವ ಸುಖ. ಯೌವನದಲ್ಲಿ ಆ ಆಸೆ ಸಹಜ; ಅದಕ್ಕಾಗಿ ನಿಮ್ಮನ್ನು ಗದರಿಸಲಾರೆ. ಆದರೆ ಆ ಆಸೆಗೆ ಏಳು ವರ್ಷದ ಸಾಲ ಮಾಡಿ, ಆಮೇಲೆ ಕಂತು ಕಟ್ಟಲೆಂದೇ ಇಷ್ಟವಿಲ್ಲದ ಕೆಲಸದಲ್ಲಿ ಕಾಲ ಹಾಕುವ ಮಕ್ಕಳನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಸ್‌ಯುವಿಗಳು. ಜಗತ್ತಿನ ರಸ್ತೆಗಳಲ್ಲಿ ಓಡುವ ಎಸ್‌ಯುವಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ನೂರು ಕೋಟಿ ಟನ್ ದಾಟುತ್ತದೆ. ಎಂಜಿನ್ನುಗಳು ಹೊಸ ತಂತ್ರಜ್ಞಾನದಿಂದ ಉಳಿಸಿದ ಇಂಧನವನ್ನು ಗಾಡಿಗಳ ಮೈ ತೂಕ ತಿಂದುಹಾಕುತ್ತಿದೆ. ಪ್ಯಾರಿಸ್ ನಗರದವರು 2024ರ ಫೆಬ್ರವರಿಯಲ್ಲಿ ಮತ ಹಾಕಿ, ಹೊರಗಿನಿಂದ ಬರುವ ಭಾರದ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿದರು. ನಮ್ಮ ನಗರಗಳಲ್ಲಿ ಅಂಥ ನಿಯಮ ಬರುವವರೆಗೂ ಕಾಯುವುದು ಬೇಡ. ಕೊಳ್ಳುವ ನಿರ್ಧಾರ ನಿಮ್ಮ ಕೈಯಲ್ಲೇ ಇದೆ.

ಹೊಗೆಯ ವಿಷಯ ಇಷ್ಟಕ್ಕೆ ಬಿಡುತ್ತೇನೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ತಂದಿರುವುದು ನಿಮ್ಮ ಚಕ್ರ ಟಾರು ಬಿಟ್ಟು ಕೆಳಗಿಳಿಯುವ ಕ್ಷಣ.

ನಮ್ಮ ಘಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು ಇದೆ, ಅದರ ಮಡಿಲಲ್ಲಿ ಶೋಲಾ ಕಾಡು. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಕೊಡಗಿನ ಮಾಂದಲ್‌ಪಟ್ಟಿ ಎಲ್ಲವೂ ಹೀಗೇ. ಆ ಹುಲ್ಲಿನ ಕೆಳಗೆ ಮಣ್ಣು ಬಹಳ ಆಳವಾಗಿಲ್ಲ. ಬೇರಿನ ಜಾಲ ಅದನ್ನು ಹಿಡಿದಿಟ್ಟುಕೊಂಡಿದೆ. ಮಳೆ ನೀರು ಬೇರಿನಗುಂಟ ಇಳಿದು, ಒರತೆಯಾಗಿ, ಬೇಸಗೆಯಲ್ಲೂ ತೊರೆಯಾಗಿ ಹರಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಇಂಥ ನೆಲದಲ್ಲಿ. ಸುಮಾರು ಎರಡು ಟನ್ ತೂಕದ ಗಾಡಿ ಮಳೆಗಾಲದಲ್ಲಿ ಅದರ ಮೇಲೆ ಒಮ್ಮೆ ಹೋದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಚಕ್ರ ಜಾರಿ ತಿರುಗಿದರೆ ಹುಲ್ಲು ಬೇರು ಸಮೇತ ಕಿತ್ತುಬರುತ್ತದೆ. ಮರುದಿನ ಮಳೆ ನೀರು ಇಂಗಲು ಜಾಗ ಕಾಣದೆ ಆ ಎರಡು ಗೀರುಗಳನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಒಂದೆರಡು ಮಳೆಗಾಲದಲ್ಲಿ ಅದು ಕೊರಕಲು. ಕೊರಕಲು ಕಂಡ ಮುಂದಿನ ಗಾಡಿಯವನು ಪಕ್ಕದಲ್ಲಿ ಹೊಸ ದಾರಿ ಹಾಕುತ್ತಾನೆ. ಹೀಗೆ ಒಂದು ಗೀರು ನಾಲ್ಕಾಗುತ್ತದೆ. ಅಲ್ಲಿ ನೀಲಕುರಿಂಜಿಯಂಥ ಗಿಡಗಳು ಹಲವು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸತ್ತು, ಮತ್ತೆ ಮೊಳೆಯುತ್ತವೆ. 2021ರಲ್ಲಿ ಮಾಂದಲ್‌ಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಅವು ಅರಳಿದಾಗ ನೀವೆಲ್ಲ ಫೋಟೋ ತೆಗೆದಿರಿ. ಅವುಗಳ ಬೀಜ ಈಗ ಅದೇ ನೆಲದಲ್ಲಿ ಮೊಳೆತು ಬೆಳೆಯುತ್ತಿದೆ, ನೆನಪಿಡಿ.

ತೊರೆ ದಾಟುವ ವಿಡಿಯೋಗಳನ್ನು ನೋಡಿದಾಗಲಂತೂ ನನಗೆ ಕೈಕಾಲು ಆಡುವುದಿಲ್ಲ. ನೀರು ಎರಡೂ ಕಡೆ ರೆಕ್ಕೆಯಂತೆ ಚಿಮ್ಮಬೇಕೆಂದು ಅದೇ ಹಳ್ಳದಲ್ಲಿ ಹೋಗಿ ಬಂದು, ಹೋಗಿ ಬಂದು ಮಾಡುತ್ತೀರಿ. ಆ ಹಳ್ಳದ ಬೆಣಚುಕಲ್ಲಿನ ಕೆಳಗೆ ಯಾರ ಮನೆ ಇದೆ ಗೊತ್ತೇ? ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ತೊರೆಯ ಸದ್ದಿನಲ್ಲಿ ತನ್ನ ಕೂಗು ಕೇಳಿಸದೆಂದು ಗಂಡು ಕಪ್ಪೆ ಹಿಂಗಾಲನ್ನು ಚಾಚಿ ಬೀಸಿ ಸಂಜ್ಞೆ ಮಾಡುತ್ತದೆ; ಅದಕ್ಕೇ ಕುಣಿಯುವ ಕಪ್ಪೆ ಎಂಬ ಹೆಸರು ಬಂತು. ಹೆಣ್ಣು ತೊರೆಯ ತಳದಲ್ಲಿ ಹಿಂಗಾಲಿನಿಂದ ಗುಳಿ ತೋಡಿ, ಮೊಟ್ಟೆಯಿಟ್ಟು, ಮರಳು ಕಲ್ಲಿನಿಂದ ಮುಚ್ಚುತ್ತದೆ. ಇದೆಲ್ಲ ನಡೆಯುವುದು ಮಳೆ ತಗ್ಗಿ ನೀರು ತಿಳಿಯಾಗುವ ಹೊತ್ತಿಗೆ. ನೀವು ಗಾಡಿ ತೊಳೆಸಿಕೊಂಡು ಮಲೆನಾಡಿಗೆ ಹೊರಡುವುದೂ ಅದೇ ಹೊತ್ತಿಗೆ. ಒಂದು ಸಲ ಚಕ್ರ ಹಾದರೆ ಆ ಗುಳಿ ಉಳಿಯುವುದಿಲ್ಲ. ಮೇಲೆದ್ದ ರಾಡಿ ಕೆಳಗಿನ ಹಳ್ಳದುದ್ದಕ್ಕೂ ಹೋಗಿ ಮೀನಿನ ಮೊಟ್ಟೆಯ ಮೇಲೆ ಕೂರುತ್ತದೆ. ಗಾಡಿಯಡಿಯ ಗ್ರೀಸು, ಎಣ್ಣೆ ನೀರಿಗೆ ಸೇರುತ್ತದೆ. ಆ ನೀರನ್ನು ಕೆಳಗಿನ ಮನೆಯವರು ಪೈಪು ಹಾಕಿ ಅಡುಗೆಗೆ ತರುತ್ತಾರೆ.

ಇನ್ನೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಬಯಲುಸೀಮೆಯ ರಸ್ತೆಬದಿಯಲ್ಲಿ ಪಾರ್ಥೇನಿಯಂ ಬೆಳೆದ ಕಡೆ ನಿಲ್ಲಿಸಿದ ಗಾಡಿಯ ಟೈರಿನ ಹಲ್ಲುಗಳಲ್ಲಿ, ಮಡ್‌ಗಾರ್ಡಿನ ಮಣ್ಣಿನಲ್ಲಿ ಅದರ ಬೀಜ ಕೂತಿರುತ್ತದೆ. ನೀವು ಗುಡ್ಡದ ಮೇಲೆ ಕೆಸರಿಗಿಳಿದಾಗ ಅದು ಉದುರುತ್ತದೆ. ಹುಲ್ಲು ಕಿತ್ತುಹೋದ ಜಾಗದಲ್ಲಿ ಮೊದಲು ಏಳುವುದು ಇಂಥ ಕಳೆಯೇ.

ನಮ್ಮ ಕಾಲದವರೆಲ್ಲ ಕಾಡನ್ನು ಕೈಮುಗಿದು ನೋಡಿಕೊಂಡರು ಎಂದು ನಾನು ಹೇಳಲಾರೆ. ಜೀಪಿನ ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕೋರೈಸಿ ನಿಂತ ಕಡವೆಯನ್ನು ಹೊಡೆದು, ಅದೇ ಜೀಪಿನಲ್ಲಿ ಹಾಕಿಕೊಂಡು ಬಂದವರು ಎಷ್ಟೋ ಮಂದಿ. ಶಿಕಾರಿ ದೊಡ್ಡಸ್ತಿಕೆಯಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಅದು ಒಂದೇ ದಿನದಲ್ಲಿ ನಿಲ್ಲಲಿಲ್ಲ. ಅವರ ಮಕ್ಕಳು ಓದಿ, ನೋಡಿ, ನಾಚಿಕೊಂಡು ಬಿಟ್ಟರು. ಇವತ್ತು ಅದೇ ಮನೆಗಳ ಹುಡುಗರು ಕ್ಯಾಮೆರಾ ಹಿಡಿದು ಹಕ್ಕಿ ನೋಡಲು ಹೋಗುತ್ತಾರೆ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಭದ್ರೆಗೆ ಇಳಿಯುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಮಲೆನಾಡಿನ ಜನ, ಅವರಲ್ಲಿ ಬಹಳಷ್ಟು ಯುವಕರು, ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ದೊಡ್ಡ ಯಂತ್ರಗಳನ್ನು ಗುಡ್ಡದಿಂದ ಇಳಿಸಿದ ನಾಡಿನಲ್ಲಿ, ನಿಮ್ಮ ಗಾಡಿಯನ್ನು ಹುಲ್ಲಿನಿಂದ ಆಚೆ ನಿಲ್ಲಿಸಿ ಎಂದು ಕೇಳುವುದು ದೊಡ್ಡ ಮಾತಲ್ಲ.

ಹಾಗಾದರೆ ಯಾರು ಕೊಳ್ಳಬಹುದು? ತೋಟದ ಮನೆಗೆ ಮಳೆಗಾಲದಲ್ಲಿ ಬೇರೆ ದಾರಿ ಇಲ್ಲದವರು ಕೊಳ್ಳಲಿ. ಹಳ್ಳಿಹಳ್ಳಿ ತಿರುಗುವ ಪಶುವೈದ್ಯರು, ಗಾಳಿಮಳೆಯಲ್ಲಿ ಕಂಬ ಬಿದ್ದ ಕಡೆ ಹೋಗಬೇಕಾದ ಮೆಸ್ಕಾಂ ಲೈನ್‌ಮನ್‌ಗಳು, ಕಾಡಿನೊಳಗಿನ ಕ್ಯಾಂಪುಗಳಿಗೆ ಅಕ್ಕಿಬೇಳೆ ಮುಟ್ಟಿಸುವ ಅರಣ್ಯ ಇಲಾಖೆಯವರು, ಊರಿಗೆ ಬಾಡಿಗೆ ಓಡಿಸಿ ಬದುಕುವವರು, ಇವರಿಗೆಲ್ಲ ಆ ಗಾಡಿ ಬೇಕು. ಅವರ ಮುಂದಿನ ಚಕ್ರಗಳು ದುಡಿಯುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ದಾರಿ ಅರೆಬರೆ ಉಳಿದ ಕಡೆಗೆಲ್ಲ ಹೊರಟವರಲ್ಲಿ ಜೀಪಿದ್ದ ತೋಟದವರೂ ಇದ್ದರು. ಇಂಥವರು ಪರಿಸರದ ಹೆಸರಿನಲ್ಲಿ ತಲೆತಗ್ಗಿಸಬೇಕಾಗಿಲ್ಲ. ಆದರೆ ಅವರಿಗೂ ನನ್ನದೊಂದು ಮಾತಿದೆ: ತೋಟಕ್ಕೆ ಜೀಪು, ಪೇಟೆಗೆ ಬಸ್ಸು ಅಥವಾ ಸಣ್ಣ ಕಾರು ಎಂದು ಬೇರೆ ಮಾಡಿ. ಜೀಪಿದೆ ಎಂದು ಮಗಳನ್ನು ಮಂಗಳೂರಿನ ಕಾಲೇಜಿಗೆ ಬಿಡಲೂ ಅದನ್ನೇ ತೆಗೆಯಬೇಡಿ.

ಪೇಟೆಯಲ್ಲಿದ್ದು, ವರ್ಷಕ್ಕೆ ನಾಲ್ಕಾರು ಸಲ ಬೆಟ್ಟ ನೋಡುವ ಆಸೆಯಿರುವವರು ನೀವು. ನಿಮಗೆ ನಾನು ಹೇಳುವುದು, ಗಾಡಿ ಕೊಳ್ಳಬೇಡಿ, ಬಾಡಿಗೆಗೆ ಹಿಡಿಯಿರಿ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಬರಲು ಸುಮಾರು 500 ಕಿಲೋಮೀಟರ್. ನಿಮ್ಮ ಜೀಪಿನಲ್ಲಿ ಇಬ್ಬರೇ ಬಂದರೆ ಅಷ್ಟಕ್ಕೇ 50 ಲೀಟರ್ ಸುಡುತ್ತದೆ. ಕೆಎಸ್‌ಆರ್‌ಟಿಸಿಯ ರಾತ್ರಿ ಬಸ್ಸು ಹತ್ತಿ ಬನ್ನಿ, ಬೆಳಿಗ್ಗೆ ಇಳಿದು ತಿಂಡಿ ತಿಂದು, ಅಲ್ಲಿಂದ ಮುಂದೆ ಅಲ್ಲಿಯವರ ಗಾಡಿ ಹಿಡಿಯಿರಿ. ಕೊಡಚಾದ್ರಿಗೆ ಕಟ್ಟಿನಹೊಳೆಯ ಕಡೆಯಿಂದ ಏರುವ ಜೀಪುಗಳಿವೆ, ಮಾಂದಲ್‌ಪಟ್ಟಿಗೆ ಮಡಿಕೇರಿಯ ಜೀಪುಗಳಿವೆ. ಓಡಿಸುವವರು ಆ ದಾರಿಯ ಕಲ್ಲು ಕಲ್ಲನ್ನೂ ಬಲ್ಲ ಊರ ಹುಡುಗರು. ನೀವು ಕೊಡುವ ದುಡ್ಡು ಆ ಮನೆಯ ಒಲೆಗೆ ಹೋಗುತ್ತದೆ. ಒಂದು ಜೀಪು ವರ್ಷವಿಡೀ ನೂರಾರು ಜನರಿಗೆ ಆಗುತ್ತದೆ. ಆ ನೂರಾರು ಜನ ಒಂದೊಂದು ಜೀಪು ಕೊಂಡರೆ, ಒಂದೊಂದರ ತಯಾರಿಕೆಗೇ ಹಲವು ಟನ್ ಇಂಗಾಲ ಗಾಳಿಗೆ ಹೋಗಿರುತ್ತದೆ. ಬಾಡಿಗೆ ಜೀಪೂ ಮಿತಿ ಮೀರಿದರೆ ಹಾನಿಯೇ. ಕೊಡಚಾದ್ರಿ, ಮಾಂದಲ್‌ಪಟ್ಟಿಯ ದಾರಿಗಳೆರಡೂ ಜೀಪುಗಳ ಓಡಾಟಕ್ಕೆ ಕಿತ್ತುಹೋಗಿರುವುದನ್ನು ಹೋದವರೆಲ್ಲ ನೋಡಿದ್ದಾರೆ. ಕಾಲು ಗಟ್ಟಿಯಿರುವಾಗ ನಡೆದೇ ಹತ್ತಿ. ಜೀಪಿನ ಸೀಟು ವಯಸ್ಸಾದವರಿಗೆ, ಮಕ್ಕಳೊಂದಿಗರಿಗೆ ಇರಲಿ.

ಕೆಸರಿನಲ್ಲಿ ಗಾಡಿ ಓಡಿಸುವುದೇ ನಿಮ್ಮ ಖುಷಿಯಾದರೆ ಅದಕ್ಕೂ ಜಾಗವಿದೆ. ಕೊಡಗು, ಸಕಲೇಶಪುರದ ಕಡೆ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿಂದ ಆಫ್‌ರೋಡ್ ಸ್ಪರ್ಧೆಗಳು ನಡೆಯುತ್ತವೆ. ಉತ್ತ ಗದ್ದೆಯ ಕೆಸರು ಹೇಗೂ ಕಲಕಿದ ಕೆಸರೇ. ಅಲ್ಲಿ ಆಡಿ, ಯಾರೂ ಬೇಡ ಎನ್ನುವುದಿಲ್ಲ. ಅನುಮತಿ ಇಲ್ಲದೆ ಕಾಡಿನೊಳಗೆ, ಅಭಯಾರಣ್ಯದೊಳಗೆ ಚಕ್ರ ಹಾಕುವುದು ಮಾತ್ರ ಅಪರಾಧ. ಗಾರ್ಡಿಗೆ ದುಡ್ಡು ಕೊಟ್ಟು ಒಳಗೆ ಹೋದೆ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುವವರ ಜತೆ ಸೇರಬೇಡಿ.

ಬ್ಯಾಟರಿಯ ಫೋರ್‌ವೀಲ್ ಬಂದಿದೆಯಲ್ಲ, ಅದಾದರೆ ತಪ್ಪಿಲ್ಲವಲ್ಲ ಎಂದು ಕೇಳುತ್ತೀರಿ. ಹೊಗೆಯ ಮಟ್ಟಿಗೆ ಅದು ಮೇಲು, ಒಪ್ಪುತ್ತೇನೆ. ಆದರೆ ದೇಶದ ಕರೆಂಟಿನಲ್ಲಿ ಹೆಚ್ಚು ಪಾಲು ಇನ್ನೂ ಕಲ್ಲಿದ್ದಲಿನದು, ಅಷ್ಟು ದೊಡ್ಡ ಬ್ಯಾಟರಿ ಮಾಡಲು ಗಣಿ ಅಗೆಯಬೇಕು. ಹುಲ್ಲಿನ ಮೇಲೆ ಓಡಿದರೆ ಬ್ಯಾಟರಿ ಗಾಡಿಯ ಟೈರೂ ಹುಲ್ಲನ್ನು ಕೀಳುತ್ತದೆ; ಗಾಡಿ ಇನ್ನೂ ಭಾರವಾಗಿರುವುದರಿಂದ ಇನ್ನೂ ಹೆಚ್ಚು ಕೀಳುತ್ತದೆ.

ಈಗಾಗಲೇ ಕೊಂಡವರು ಇದನ್ನು ಓದಿ ಬೇಸರಪಡಬೇಡಿ. ಮಾರಿ ಬೇರೆಯದು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ದಿನದ ಓಡಾಟಕ್ಕೆ ಮೆಟ್ರೋ, ಬಸ್ಸು ಹಿಡಿದು ಗಾಡಿಯನ್ನು ಮನೆಯಲ್ಲಿಡಿ. ಹೊರಟರೆ ಸೀಟು ತುಂಬಿಸಿಕೊಂಡು ಹೊರಡಿ. ಕಂಪನಿ ಕೊಟ್ಟ ಟೈರೇ ಸಾಕು, ಅದರ ಗಾಳಿ ಸರಿಯಾಗಿ ನೋಡಿಕೊಳ್ಳಿ. ಬೇಡದ ಕಬ್ಬಿಣ ಬಿಚ್ಚಿಡಿ. ಹೆದ್ದಾರಿಯಲ್ಲಿ 80ರ ಮೇಲೆ ಹೋಗಬೇಡಿ, ಡೀಸೆಲ್ ಎಷ್ಟು ಉಳಿಯುತ್ತದೆ ನೀವೇ ನೋಡಿ. ಘಟ್ಟಕ್ಕೆ ಹೊರಡುವ ಮೊದಲು ಗಾಡಿಯಡಿಯ ಮಣ್ಣನ್ನು ಊರಿನಲ್ಲೇ ತೊಳೆಸಿ, ಹಳ್ಳದಲ್ಲಿ ತೊಳೆಯಬೇಡಿ. ನಾಲ್ಕು ವರ್ಷಕ್ಕೆ ಮಾದರಿ ಹಳೆಯದಾಯಿತೆಂದು ಬದಲಿಸಬೇಡಿ. ಗಟ್ಟಿ ಗಾಡಿ ಅದು, ಚೆನ್ನಾಗಿ ನೋಡಿಕೊಂಡು ಕಾನೂನು ಬಿಡುವಷ್ಟು ಕಾಲ ಓಡಿಸಿ. ನಿಮ್ಮ ತಾಲ್ಲೂಕಿನಲ್ಲಿ ನೆರೆ, ಭೂಕುಸಿತ ಆದಾಗ ತಹಸೀಲ್ದಾರರ ಕಚೇರಿಗೆ ಹೋಗಿ, ನನ್ನ ಹತ್ತಿರ ಫೋರ್‌ವೀಲ್ ಇದೆ, ಡ್ರೈವಿಂಗ್ ಬರುತ್ತದೆ ಎಂದು ನಿಮ್ಮ ಹೆಸರು, ನಂಬರು ಬರೆಸಿ ಬನ್ನಿ.

ಊರಿನಲ್ಲೇ ಉಳಿದ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಮನೆಗೊಂದು ಜೀಪು ಕೊಳ್ಳುವ ಮೊದಲು ನಿಮ್ಮ ದಾರಿ ಯಾಕೆ ಕೆಡುತ್ತದೆ ಎಂದು ನಡೆದು ನೋಡಿ. ಹೆಚ್ಚಿನ ಕಡೆ ದಾರಿ ಪೂರ್ತಿ ಕೆಟ್ಟಿರುವುದಿಲ್ಲ. ಎರಡು ಏರು, ಒಂದು ಹಳ್ಳ, ಅಷ್ಟೇ ಇರುತ್ತದೆ. ಚರಂಡಿ ಮುಚ್ಚಿ ನೀರು ರಸ್ತೆಗೆ ಹತ್ತಿರುತ್ತದೆ, ಮೋರಿ ಇರಬೇಕಾದ ಕಡೆ ಮೋರಿ ಇರುವುದಿಲ್ಲ. ಮೇ ತಿಂಗಳಿನಲ್ಲಿ ನಾಲ್ಕು ಮನೆಯವರು ಸೇರಿ ಚರಂಡಿ ಬಿಡಿಸಿದರೆ, ಏರಿಗೆ ಕಲ್ಲು ಹಾಸಿದರೆ, ಜುಲೈನಲ್ಲೂ ಆಟೋ ಬರುವ ದಾರಿಗಳಿವೆ. ಮೋರಿಗೆ, ಕಾಲುಸಂಕಕ್ಕೆ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ, ಕ್ರಿಯಾಯೋಜನೆಯಲ್ಲಿ ಸೇರುವವರೆಗೂ ಬಿಡಬೇಡಿ. ಜೀಪಿಗೆ ಸುರಿಯಬೇಕೆಂದಿದ್ದ ದುಡ್ಡಿನಲ್ಲಿ ಸಣ್ಣ ಪಾಲು ಸಾಕು, ಆಚೆ ಮನೆಯ ಸ್ಕೂಟಿಯವಳೂ ಮಳೆಗಾಲದಲ್ಲಿ ಶಾಲೆಗೆ ಪಾಠ ಹೇಳಲು ಹೋಗಿ ಬರಬಹುದು. ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯ್ತಿಯಲ್ಲಿ ಈ ವಾರವೇ ಕೇಳಿಕೊಂಡು ಬನ್ನಿ.